ಮುಟ್ಟಿ ಮರಳದ ಆಟ

ಆ ಶನಿವಾರ ಮಧ್ಯಾಹ್ನ ಸಿಡ್ನಿಯ ಮೈದಾನದಲ್ಲಿ ನಮ್ಮ ಪೈಕಿಯವರೆಂದು ಇದ್ದವರು ಇಬ್ಬರೇ. ಒಬ್ಬರು ನಮ್ಮ ಮನೆಯವರು, ಸದಾನಂದ. ಚಹಾದ ಫ್ಲಾಸ್ಕನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹುಲ್ಲಿನಲ್ಲಿ ಕೂತಿದ್ದರು. ಇನ್ನೊಬ್ಬರು ಎಪ್ಪಿಂಗ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಸಾವಿತ್ರಿ ಆಂಟಿ, ಮೈಸೂರಿನವರು. ಬಿಸಿಲಿಗೆ ಹೂವಿನ ಛತ್ರಿ ಬಿಚ್ಚಿ, ಮದುವೆಗೆ ಬಂದವರಂತೆ ಮುಂದಿನ ಸಾಲಿನಲ್ಲೇ ಆಸೀನರಾಗಿದ್ದರು. ಅವರಿಬ್ಬರ ಪಕ್ಕದಲ್ಲಿ, ನೋಯುವ ಸೊಂಟವನ್ನು ಒಂದು ಕಡೆಗೆ ವಾಲಿಸಿ ನಿಂತಿದ್ದವಳು ನಮ್ಮ ಕೋಚ್ ಬೆವ್. ಮೈದಾನದೊಳಗೆ ಹೆಲ್ಮೆಟ್ಟು, ಭುಜದ ಕವಚ ತೊಟ್ಟ ಎರಡು ತಂಡದ ಹೆಂಗಸರು, ಕಪ್ಪು ಬಿಳಿ ಪಟ್ಟೆಯ ಅಂಗಿಯ ರೆಫ್ರಿ, ಮತ್ತು ನಾನು. ಚೆಂಡು ನನ್ನ ಕೈಯಲ್ಲಿತ್ತು.

ಅದು ನನ್ನ ಮೊದಲ ಪಂದ್ಯ. ಚೆಂಡು ಕೈಗೆ ಬಂದದ್ದೇ ನಾನು ಎದುರಾಳಿಗಳ ಗುಂಪಿಗೆ ನುಗ್ಗಿದೆ. ಅವರಲ್ಲಿ ಎಲ್ಲರಿಗಿಂತ ದೊಡ್ಡವಳ ಭುಜವನ್ನು ಮುಟ್ಟಿದೆ. ಮುಟ್ಟಿದ ಮೇಲೆ ಇನ್ನೇನು ಕೆಲಸ? ಗಿರಕ್ಕನೆ ತಿರುಗಿ ನಮ್ಮ ಕಡೆಗೇ ವಾಪಸು ಓಡಿದೆ. ಎರಡೂ ತಂಡದವರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನಾನು ಹುರಿದುಂಬಿಸುತ್ತಿದ್ದಾರೆಂದು ಇನ್ನೂ ಜೋರಾಗಿ ಓಡಿದೆ. ನಮ್ಮ ಬದಿಯ ಕೊನೆಯ ಗೆರೆಯನ್ನೂ ದಾಟಿ, ಕ್ಷೇಮವಾಗಿ ಮರಳಿದ ಸಂತೋಷಕ್ಕೆ ಮಂಡಿಯೂರಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಸೀಟಿ ಮೊಳಗಿತು. ರೆಫ್ರಿ ನನ್ನ ಮುಂದೆ ಬಂದು ನಿಂತು, ಎರಡೂ ಅಂಗೈಗಳನ್ನು ಜೋಡಿಸಿ, ತಲೆಯ ಮೇಲೆ ಎತ್ತಿ ಹಿಡಿದ.

ಪರದೇಶದಲ್ಲಿ ಒಬ್ಬ ಅಪರಿಚಿತ ನಮ್ಮ ಆಟ ಮೆಚ್ಚಿ ಕೈಮುಗಿದರೆ ಸುಮ್ಮನಿರುವುದು ಮರ್ಯಾದೆಯೇ? ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾನೂ ಮುಗಿದೆ.

ಆಗ ಎದುರು ತಂಡದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯತೊಡಗಿದರು. ಆಮೇಲೆ ಗೊತ್ತಾಯಿತು, ಆ ಕೈಮುಗಿತ ಈ ಆಟದ ಒಂದು ಸನ್ನೆ. ಚೆಂಡು ಹಿಡಿದವಳು ತನ್ನದೇ ಗೆರೆಯ ಹಿಂದೆ ಹೋಗಿ ಮಂಡಿಯೂರಿದರೆ ಎದುರಾಳಿಗೆ ಎರಡು ಅಂಕ ಧರ್ಮಕ್ಕೆ ಸಿಗುತ್ತವೆ ಎಂದು ಅದರ ಅರ್ಥ.

"ನೋಡಿ ಸದಾನಂದ, ಇಲ್ಲಿನೋರೂ ಗ್ರೌಂಡಲ್ಲಿ ನಮಸ್ಕಾರ ಮಾಡ್ತಾರೆ! ಎಂಥಾ ಸಂಸ್ಕಾರ!" ಎಂದು ಸಾವಿತ್ರಿ ಆಂಟಿ ಕಣ್ಣೊರೆಸಿಕೊಂಡರಂತೆ.

ಸಂಜೆ ಟ್ರೇನಿನಲ್ಲಿ ನಾನು ಮುಖ ಊದಿಸಿ ಕೂತಾಗ ಸದಾನಂದರು ಸಮಾಧಾನ ಹೇಳಿದರು. ನಾವಿಬ್ಬರು ಮಾತಾಡುವುದು ತುಳು; ನಿಮಗಾಗಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತೇನೆ. "ನೀನು ಸರಿಯಾಗಿಯೇ ಆಡಿದ್ದು ಮಾರಾಯ್ತಿ. ಆಟ ಬೇರೆ ಇತ್ತು, ಅಷ್ಟೇ."

ನಾನು ಹೆಜಮಾಡಿಯ ಕಡಲ ಬದಿಯವಳು, ಹೆಸರು ಜಲಜಾಕ್ಷಿ. ಶಾಲೆಯಿಂದ ಕಾಲೇಜಿನವರೆಗೆ ಆಡಿದ್ದು ಕಬಡ್ಡಿ ಒಂದೇ. ಆ ಆಟದ ಧರ್ಮ ನಿಮಗೆಲ್ಲ ಗೊತ್ತು: ಗೆರೆ ದಾಟು, ಮುಟ್ಟು, ಉಸಿರಿರುವಾಗಲೇ ಮನೆಗೆ ಬಾ. ಎದುರಾಳಿಯ ಅಂಗಳದಲ್ಲೇ ಉಳಿದವಳು ಔಟ್. ಇಷ್ಟು ವರ್ಷ ಎಲುಬಿನೊಳಗೆ ಇಳಿದ ಪಾಠವನ್ನು ಮೊದಲ ಪಂದ್ಯದ ಗಡಿಬಿಡಿಯಲ್ಲಿ ಕಾಲು ಹೇಗೆ ಮರೆಯಬೇಕು ಹೇಳಿ?

ಈ ಆಟವನ್ನು ನೀವು ಟಿವಿಯಲ್ಲಿ ನೋಡಿರಬಹುದು. ಎರಡು ತುದಿ ಚೂಪಾದ ಚೆಂಡು, ಅಮೆರಿಕದವರು ಕವಚ ತೊಟ್ಟು ಡಿಕ್ಕಿ ಹೊಡೆಯುವುದು. ಅಮೆರಿಕದಲ್ಲಿ ಅದಕ್ಕೆ ಫುಟ್ಬಾಲ್ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಆ ಹೆಸರನ್ನು ಬೇರೆ ಆಟಗಳು ಆಗಲೇ ಕಾಯ್ದಿರಿಸಿಕೊಂಡಿರುವುದರಿಂದ ಇದಕ್ಕೆ ಗ್ರಿಡೈರನ್ ಎಂದು ಕರೆಯುತ್ತಾರೆ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಹೀಗೆ ಗಜ ಗಜ ನೆಲ ಗೆಲ್ಲುತ್ತಾ ಎದುರಿನವರ ಕೊನೆಯ ಗೆರೆ ದಾಟಬೇಕು. ಇಲ್ಲಿ ಇದನ್ನು ಆಡುವವರು ಕಡಿಮೆ, ನೋಡುವವರು ಇನ್ನೂ ಕಡಿಮೆ. ಅದೂ ನನ್ನ ಹಾಗೆ ಎಲ್ಲಿಂದಲೋ ಬಂದು ಇನ್ನೂ ಬಾಡಿಗೆ ಮನೆಯಲ್ಲಿರುವ ಆಟ. ಅದಕ್ಕೇ ಇರಬೇಕು, ನನ್ನನ್ನು ಬೇಗ ಒಳಗೆ ಸೇರಿಸಿಕೊಂಡಿತು.

ಅದು ಸಿಗುವ ಮೊದಲಿನ ಎಪ್ಪಿಂಗಿನ ದಿನಗಳನ್ನು ಹೇಳಬೇಕು. ಸದಾನಂದರಿಗೆ ರೈಲಿನ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ಬೆಳಗಾಗುವ ಮುಂಚೆ ಹೊರಡುತ್ತಿದ್ದರು. ನಾನು, ನಾಲ್ಕು ಬಿಳಿಗೋಡೆ, ಬಂಗುಡೆ ಹುರಿದ ಹೊಗೆಗೆ ಚಾವಣಿಯಿಂದ ಕಿರುಚುವ ಒಂದು ಯಂತ್ರ. ಊರಲ್ಲಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಜನ ತಡೆದು ಊಟಕ್ಕೆ ಎಂತ ಪದಾರ್ಥ, ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಾರೆ. ಉತ್ತರ ಸಿಗದೆ ದಾರಿ ಬಿಡುವುದಿಲ್ಲ. ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರೂ ಹೇಗಿದ್ದೀ ಎಂದು ನಗುನಗುತ್ತಾ ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, ನಿನ್ನೆಯಿಂದ ಸ್ವಲ್ಪ ತಲೆನೋವು ಎಂದು ಶುರು ಮಾಡುವಷ್ಟರಲ್ಲಿ ಅವರ ಮಹಡಿ ಬಂದಿರುತ್ತದೆ. ಅವರು ಕೆಟ್ಟವರಲ್ಲ. ಇಲ್ಲಿ ಆ ಪ್ರಶ್ನೆ ನಮ್ಮ ಊರಿನ ಕೆಮ್ಮಿನ ಹಾಗೆ, ನಾನಿದ್ದೇನೆ ಎಂದು ತಿಳಿಸಲು ಮಾತ್ರ.

ಒಂದು ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತಿದ್ದಾಗ ಆ ಹೆಂಗಸರನ್ನು ಕಂಡೆ. ಡಿಕ್ಕಿ ಹೊಡೆದು ಬೀಳುತ್ತಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು, ಕೈ ಕೊಟ್ಟು ಎಬ್ಬಿಸುತ್ತಿದ್ದರು. ನೋಡುತ್ತಾ ನೋಡುತ್ತಾ ನನಗೆ ಅಳು ಬಂತು. ಈ ದೇಶಕ್ಕೆ ಬಂದ ಮೇಲೆ, ಗಂಡನನ್ನು ಬಿಟ್ಟರೆ, ಒಂದು ಜೀವವೂ ನನ್ನನ್ನು ಮುಟ್ಟಿರಲಿಲ್ಲ ಎಂಬುದು ಆಗ ಅರಿವಾಯಿತು. ಕಬಡ್ಡಿ ಆಡಿದ ಮೈ ಅದು. ಬೆವರು, ಮಣ್ಣು, ಇನ್ನೊಬ್ಬರ ಮೊಣಕೈ ಇಲ್ಲದೆ ಅದಕ್ಕೆ ಹಸಿವು ಹಿಡಿದಿತ್ತು. ಎದ್ದು ಹೋಗಿ ಬೆವ್‌ಳ ಮುಂದೆ ನಿಂತೆ. ಅವಳು ನನ್ನ ಎತ್ತರವನ್ನಲ್ಲ, ಪಾದಗಳನ್ನು ನೋಡಿದಳು. "ನಾಳೆ ಬೂಟು ಹಾಕ್ಕೊಂಡು ಬಾ," ಎಂದಳು. ಆ ವಾರದೊಳಗೆ ಜಲಜಾಕ್ಷಿ ಜ್ಯಾಝಾ ಆದಳು. ಇಲ್ಲಿ ಹೆಸರು ತುಂಡಾದರೆ ಪ್ರೀತಿ ಎಂದು ತಿಳಿಯಬೇಕು.

ಆ ಕೈಮುಗಿತದ ಪಂದ್ಯ ಮುಗಿದ ಮೇಲೆ ಬೆವ್ ನನ್ನನ್ನು ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು, "ಯಾವ ಆಟ ಆಡ್ತಾ ಇದ್ದೆ ನೀನು? ಅದನ್ನು ತೋರಿಸು." ಹುಲ್ಲಿನಲ್ಲಿ ಗೆರೆ ಎಳೆದು ತೋರಿಸಿದೆ. ಒಬ್ಬೊಬ್ಬರನ್ನೇ ದಾಳಿಗೆ ಕಳಿಸಿ, ಪಾದ ಹಿಡಿದು ಕೆಡವಿದೆ. ಬೆವ್ ಅಂದಳು, "ನಿನ್ನ ಆಟದಲ್ಲಿ ಹೋಗಿ ಬರಬೇಕು. ಇಲ್ಲಿ ಹೋದವರು ಹೋಗ್ತಾನೇ ಇರಬೇಕು. ಆ ಚೆಂಡು ನಿನಗೆ ಬೇಡ. ಚೆಂಡು ಹಿಡಿದವಳ ಕಾಲು ನಿನಗೆ."

ಹೀಗೆ ನಾನು ಡಿಫೆನ್ಸ್‌ಗೆ ಬಂದೆ, ಬರುವವರನ್ನು ತಡೆಯುವ ಕಡೆಗೆ. ಅಲ್ಲಿಂದ ಮುಂದಿನ ವರ್ಷಗಳು ನನ್ನ ಬಾಳಿನ ಹಬ್ಬ. ನನಗಿಂತ ಒಂದೂವರೆ ಪಾಲು ದೊಡ್ಡವರು ಬಂದರೆ ತಗ್ಗಿ ಕಣಕಾಲು ಹಿಡಿಯುತ್ತಿದ್ದೆ. ಮರ ಕಡಿದಂತೆ ಬೀಳುತ್ತಿದ್ದರು, ಬಿದ್ದು ನಗುತ್ತಿದ್ದರು. ತಂಡಕ್ಕೆ ಹಣ ಕೂಡಿಸಲು ಅಂಗಡಿಯ ಎದುರು ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿಟ್ಟು ಮಾರುವ ಒಂದು ಪದ್ಧತಿ ಇಲ್ಲಿದೆ. ಮೊದಲ ಸಲ ನನಗೆ ಈರುಳ್ಳಿ ಹುರಿಯುವ ಕೆಲಸ ಕೊಟ್ಟರು. ಎರಡನೆಯ ಸಲ ಮಗ್ಗುಲಲ್ಲಿ ಬಾಣಲೆಯಿಟ್ಟು ಗೋಳಿಬಜೆ ಕರಿದೆ. ಮೂರನೆಯ ಸಲ ಜನ ಸಾಸೇಜಿನ ಸಾಲು ಬಿಟ್ಟು ನನ್ನ ಮುಂದೆ ನಿಂತಿದ್ದರು. ಸಾವಿತ್ರಿ ಆಂಟಿ ತೆಂಗಿನ ಚಟ್ನಿ ಬಡಿಸುತ್ತಾ, "ಸ್ವಲ್ಪ ಖಾರ ಇದೆ ಡಾರ್ಲಿಂಗ್, ನೋಡ್ಕೊಂಡು ತಿನ್ನಿ," ಎಂದು ಪ್ರತಿಯೊಬ್ಬರಿಗೂ ಅಪ್ಪಟ ಕನ್ನಡದಲ್ಲಿ ಎಚ್ಚರಿಸುತ್ತಿದ್ದರು.

ಆಮೇಲೆ ಒಂದು ಮಳೆಯ ಸಂಜೆ, ಯಾರೂ ಮುಟ್ಟದೇ ಇರುವಾಗ, ಬರೀ ತಿರುಗುವುದರಲ್ಲಿ ನನ್ನ ಮಂಡಿಯೊಳಗಿನ ಹುರಿ ಹರಿಯಿತು. ಆಪರೇಷನ್ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಡಿಕ್ಕಿ ಹೊಡೆಯುವ ಆಟ ಮಾತ್ರ ಇನ್ನಿಲ್ಲ ಎಂದರು ಡಾಕ್ಟರು. ಕೋಲು ಹಿಡಿದಿರುವಾಗಲೇ ಸದಾನಂದರಿಗೆ ಮೆಲ್ಬರ್ನಿನಲ್ಲಿ ಮೇಲಿನ ಕೆಲಸ ಬಂತು. ಸಾಮಾನು ಕಟ್ಟಿದೆವು.

ಮೆಲ್ಬರ್ನಿನ ಅಂಚಿನ ಬಡಾವಣೆ ಟಾರ್ನೀಟ್ ನೋಡಿದ ಮೊದಲ ದಿನ ನನಗನ್ನಿಸಿದ್ದು, ಇಲ್ಲಿ ಭೂಮಿಯನ್ನು ಯಾರೋ ಇಸ್ತ್ರಿ ಮಾಡಿದ್ದಾರೆ ಎಂದು. ಸಿಡ್ನಿಯಲ್ಲಿ ಏರು ಇಳಿತ, ಮರ, ತಿರುವಿನಲ್ಲಿ ಥಟ್ಟನೆ ಕಾಣುವ ನೀರು. ಇಲ್ಲಿ ಹೊಸ ಮನೆಗಳ ಬೂದು ಮಾಡುಗಳು, ಆಚೆ ಹುಲ್ಲು, ಅದರ ಮೇಲಿಂದ ನೇರವಾಗಿ ಮನೆಯೊಳಗೆ ಬರುವ ಗಾಳಿ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಬೆವರು, ಸಂಜೆ ಮಳೆ. ಫುಟ್ಬಾಲಿನ ತುಂಡು ಹೆಸರಾದ ಫುಟಿ ಎಂದರೆ ಸಿಡ್ನಿಯವರು ಹೇಳುವ ಆಟವೇ ಬೇರೆ, ಇಲ್ಲಿಯವರು ಹೇಳುವ ಆಟವೇ ಬೇರೆ. ಎರಡು ಊರಿನವರು ಒಂದು ಟೇಬಲಿಗೆ ಕೂತರೆ ಸಂಬಂಧ ಮುರಿಯುವಷ್ಟು ಜಗಳ. ಆದರೆ ಎಪ್ಪಿಂಗಿನಲ್ಲಿ ಕುಚ್ಚಲಕ್ಕಿಗಾಗಿ ಎರಡು ಟ್ರೇನು ಬದಲಿಸುತ್ತಿದ್ದವಳಿಗೆ ಟಾರ್ನೀಟಿನ ಅಂಗಡಿಯಲ್ಲಿ ಅದರ ಮೂಟೆಗಳ ಬೆಟ್ಟವೇ ಕಂಡಿತು. ಅಪ್ಪಿಕೊಳ್ಳುವುದೊಂದು ಬಾಕಿ.

ಅಕ್ಕಿ ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಆಟವಿಲ್ಲದ ಜ್ಯಾಝಾ ಮತ್ತೆ ಲಿಫ್ಟಿನ ಜಲಜಾಕ್ಷಿಯಾಗುತ್ತಿದ್ದಳು. ಇಲ್ಲಿ ಲಿಫ್ಟೂ ಇರಲಿಲ್ಲ. ಒಂದು ದಿನ ಸದಾನಂದರೇ ಅಂದರು, "ಮಂಡಿ ಹೋದದ್ದು, ಬಾಯಿ ಉಂಟಲ್ಲ? ಕಲಿಸಲಿಕ್ಕೆ ಹೋಗು." ಪಶ್ಚಿಮದ ಬಡಾವಣೆಗಳ ಹೆಂಗಸರ ಕ್ಲಬ್ಬೊಂದಕ್ಕೆ ಡಿಫೆನ್ಸ್ ಕೋಚ್ ಬೇಕಿತ್ತು. ಹೋಗಿ ಕೇಳಿದೆ. ಅಧ್ಯಕ್ಷೆ ನನ್ನ ಕುಂಟುನಡಿಗೆ ನೋಡಿ ಅಂದಳು, "ಸೀಸನ್ ಕೊನೆಗೆ ಸಿಡ್ನಿಯ ತಂಡ ಸ್ನೇಹಪಂದ್ಯಕ್ಕೆ ಬರುತ್ತೆ. ಅಲ್ಲೀವರೆಗೆ ನೋಡೋಣ. ಆಮೇಲೆ ಹುಡುಗಿಯರೇ ಮೀಟಿಂಗಲ್ಲಿ ಕೈ ಎತ್ತಿ ಹೇಳಲಿ, ನೀನು ಬೇಕೋ ಬೇಡವೋ ಅಂತ."

ಸಿಡ್ನಿಯ ಯಾವ ತಂಡ ಎಂದು ಕೇಳಿದೆ. ಬೆವ್‌ಳ ತಂಡ.

ಮೊದಲ ದಿನವೇ ನಾನು ಆ ಹುಡುಗಿಯರಿಗೆ ಕೈ ಕೈ ಹಿಡಿಯಿರಿ ಎಂದೆ. ಕಬಡ್ಡಿಯಲ್ಲಿ ದಾಳಿಗೆ ಬಂದವಳನ್ನು ಸುತ್ತುವರಿಯಲು ನಾವು ಸರಪಳಿ ಕಟ್ಟುತ್ತೇವಲ್ಲ, ಅದನ್ನು ಕಲಿಸೋಣ ಎಂದು. ಸಾಲಿನಲ್ಲಿ ನಗು ಎದ್ದಿತು. ನಡುವೆ ನಿಂತಿದ್ದ ಲೇಸಿ ಕೈಕಟ್ಟಿದಳು. ಅವಳು ಸಮೋವಾ ದ್ವೀಪದ ಮನೆತನದವಳು, ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವಳು. ಫೋರ್ಕ್‌ಲಿಫ್ಟ್ ಕೆಟ್ಟರೂ ಕೆಲಸ ನಿಲ್ಲದು ಎಂಬಂಥ ಭುಜ. ತಂಡ ಅವಳ ಮಾತು ಕೇಳುತ್ತಿತ್ತು.

"ಕೈ ಹಿಡ್ಕೊಂಡು ಎಲ್ಲಿಗೆ ಹೋಗೋದು ಜ್ಯಾಝಾ, ಝೂಗಾ?" ಎಂದಳು. "ಟಿಫಿನ್ ಬಾಕ್ಸ್ ತರಬೇಕಾ?"

"ತಾ. ನನಗೂ ಸೇರಿಸಿ ತಾ," ಎಂದೆ. ಎಲ್ಲರೂ ನಕ್ಕರು, ಕೈ ಮಾತ್ರ ಯಾರೂ ಹಿಡಿಯಲಿಲ್ಲ.

ಮುಂದಿನ ವಾರ ಅವಳ ಕೈಗೇ ಚೆಂಡು ಕೊಟ್ಟೆ. ಮೂವರು ಹುಡುಗಿಯರಿಗೆ ಕೈ ಹಿಡಿಸಿ, ಭೇದಿಸು ನೋಡೋಣ ಎಂದೆ. ಲೇಸಿ ಬಂದಳು, ನಡುವಿನ ಕೈಗಳ ಮೇಲೆ ಎಗರಿದಳು, ಸರಪಳಿ ಹರಿದು ಮೂರು ದಿಕ್ಕಿಗೆ ಬಿತ್ತು. "ಝೂ ಮುಚ್ಚಿದೆ," ಎಂದು ಕೂಗಿ ಚೆಂಡನ್ನು ನನ್ನ ಕಾಲ ಬುಡಕ್ಕೆ ಎಸೆದಳು.

ಮನೆಗೆ ಬಂದು ಸದಾನಂದರಿಗೆ ಹೇಳಿದೆ, ನನ್ನ ಕೆಲಸ ಹೋಯಿತು ಎಂದು. ಅನ್ನ ಬಡಿಸುವಾಗ ನೆನಪಾದದ್ದು ನನ್ನ ಅಜ್ಜ. ಊರಿನ ದಡದಲ್ಲಿ ಹತ್ತಾರು ಜನ ಸೇರಿ ಎಳೆಯುವ ಕೈರಂಪಣಿ ಬಲೆಯ ಹಗ್ಗ ಹಿಡಿದು ಮುದುಕರಾದವರು. ನನಗೆ ಮಾತು ಕಲಿಸಿದ್ದೂ ಅವರೇ, ಗಾದೆ ಕಲಿಸಿದ್ದೂ ಅವರೇ. ಹಗ್ಗವನ್ನು ಬಿಗಿಯಾಗಿ ಜಗ್ಗುವವರನ್ನು ಅವರು ಗದರಿಸುತ್ತಿದ್ದರು: "ಬಲೆ ಮೀನನ್ನು ಹಿಡಿಯುವುದಲ್ಲ ಮಗಾ, ಮೀನಿನ ದಾರಿಯನ್ನು ಹಿಡಿಯುವುದು. ಬಿಗಿದರೆ ಹರಿಯುತ್ತದೆ. ಪಕ್ಕದವನ ಕೈ ಎಲ್ಲುಂಟು ಎಂದು ಹಗ್ಗದಲ್ಲೇ ತಿಳಿ."

ನಾನು ಕಲಿಸಿದ್ದು ಜಗ್ಗುವುದನ್ನು. ಮುಂದಿನ ಸಲ ಅದೇ ಮೂವರಿಗೆ ಹೇಳಿದೆ, ಬೆರಳ ತುದಿ ಮಾತ್ರ ಹಿಡಿಯಿರಿ, ಹೂವಿನ ದಂಡೆ ಹಿಡಿದ ಹಾಗೆ. ಲೇಸಿಯನ್ನು ತಡೆಯಲೇಬೇಡಿ. ಅವಳು ಎಡಕ್ಕೆ ಹೋದರೆ ಎಡಕ್ಕೆ ಹರಿಯಿರಿ, ಬಲಕ್ಕೆ ಹೋದರೆ ಬಲಕ್ಕೆ. ಬೆರಳು ಬಿಡದಿದ್ದರೆ ಸಾಕು, ಕೊನೆಗೆ ಹಿಡಿಯಿರಿ. ಲೇಸಿ ನುಗ್ಗಿದಳು. ಎದುರಿಗೆ ಎಗರಲು ಏನೂ ಇರಲಿಲ್ಲ. ಎಲ್ಲಿ ಹೋದರೂ ಮೂವರಲ್ಲಿ ಒಬ್ಬಳು ಅಲ್ಲಿ ಮೊದಲೇ ಇದ್ದಳು. ಓಡುತ್ತಾ ಓಡುತ್ತಾ ತನಗೇ ಗೊತ್ತಿಲ್ಲದೆ ಮೈದಾನದ ಅಂಚು ದಾಟಿ ನೀರಿನ ಬಾಟಲಿಗಳ ಮೇಲೆ ಹೋಗಿ ನಿಂತಳು.

ಸ್ವಲ್ಪ ಹೊತ್ತು ಬಾಟಲಿಗಳನ್ನು ನೋಡಿದಳು. "ಮತ್ತೊಮ್ಮೆ," ಎಂದಳು.

ಆ ಸಂಜೆ ಮೈದಾನದ ದೀಪ ಆರಿಸುವವನು ಬಂದು ಬೈಯುವವರೆಗೂ ಆಡಿದೆವು. ಕೊನೆಯಲ್ಲಿ ಲೇಸಿ ತಾನೇ ಸಾಲಿಗೆ ಬಂದು, ಪಕ್ಕದವಳ ಕಡೆಗೆ ಎರಡು ಬೆರಳು ಚಾಚಿದಳು. ಪಂದ್ಯದಲ್ಲಿ ಕೈ ಹಿಡಿಯುವುದಿಲ್ಲ, ಹಿಡಿದ ಹಾಗೆ ಇರುವುದಷ್ಟೇ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಓಡುವವಳು ಹತ್ತಿರ ಬಂದ ಕ್ಷಣ ನಾನು ಗಡಿಬಿಡಿಯಲ್ಲಿ ತುಳುವಿನಲ್ಲೇ "ಪತ್ತ್‌ಲೆ!" ಎಂದು ಕಿರುಚುತ್ತಿದ್ದೆ, ಹಿಡಿಯಿರಿ ಎಂದು. ಯಾರೂ ಅರ್ಥ ಕೇಳಲಿಲ್ಲ. ಆ ಕೂಗಿಗೆ ಇನ್ನೇನು ಅರ್ಥ ಇರಲು ಸಾಧ್ಯ?

ಸ್ನೇಹಪಂದ್ಯದ ದಿನ ಸಿಡ್ನಿಯವರು ಬಸ್ಸಿನಿಂದ ಇಳಿದರು. ಒಬ್ಬೊಬ್ಬರೂ ಓಡಿಬಂದು ನನ್ನನ್ನು ಎತ್ತಿ ಇಳಿಸಿದರು. ಕೊನೆಯಲ್ಲಿ ಬೆವ್ ವಾಲಿಕೊಂಡು ಬಂದಳು. "ಗೋಳಿಬಜೆ ಎಲ್ಲಿ?" ಅದೇ ಮೊದಲ ಮಾತು.

"ಸೋತ ಮೇಲೆ ಕೊಡ್ತೇನೆ."

"ಹಾಗಾದರೆ ನೀವೇ ತಿನ್ನಬೇಕಾಗುತ್ತೆ."

ನಾನು ಮೆಲ್ಬರ್ನಿನ ಬದಿಯಲ್ಲಿ ನಿಂತೆ. ನನ್ನ ಕಣ್ಣು ಮಾತ್ರ ಎರಡು ಬದಿಗೂ ಹೋಗುತ್ತಿತ್ತು. ಸಿಡ್ನಿಯ ಹುಡುಗಿ ಚೆನ್ನಾಗಿ ಓಡಿದರೆ ಬಾಯಲ್ಲಿ ಭಲೇ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಆ ಬದಿಯವರು ನನ್ನ ಬಳಗ. ಈ ಬದಿಯವರು ಇನ್ನೂ ಕೈ ಎತ್ತಬೇಕಾದವರು.

ಆಟ ಮುಗಿಯುವ ಹೊತ್ತಿಗೆ ನಾವು ನಾಲ್ಕು ಅಂಕ ಮುಂದಿದ್ದೆವು, ಆದರೆ ಚೆಂಡು ಅವರದು, ನಮ್ಮ ಗೆರೆಗೆ ಮೂರೇ ಗಜ. ಅವರಿಗೆ ಉಳಿದದ್ದು ಒಂದೇ ಪ್ರಯತ್ನ. ದಾಟಿದರೆ ಆರು ಅಂಕ, ಅವರು ಗೆದ್ದರು. ಲೇಸಿ ನನ್ನ ಕಡೆ ನೋಡಿದಳು, ಎಡವೋ ಬಲವೋ ಎಂದು. ಇಂಥ ಹೊತ್ತಿನಲ್ಲಿ ಬೆವ್ ಯಾವಾಗಲೂ ಬಲಕ್ಕೇ ಓಡಿಸುತ್ತಾಳೆ ಎಂದು ನನಗೆ ಗೊತ್ತು. ಎದುರು ಬದಿಯಿಂದ ಬೆವ್ ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ಸಣ್ಣ ನಗು. ನನಗೆ ಗೊತ್ತು ಎಂಬುದು ಅವಳಿಗೂ ಗೊತ್ತು. ಎಡವೇ? ಬಲವೇ?

ನಾನು ಎಡವನ್ನೂ ಹೇಳಲಿಲ್ಲ, ಬಲವನ್ನೂ ಹೇಳಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದೆ, ಅಷ್ಟೇ. ಲೇಸಿ ತಲೆಯಾಡಿಸಿದಳು.

ಚೆಂಡು ಹೊರಬಂತು. ಓಡುವವಳು ಬಲಕ್ಕೆ ಎರಡು ಹೆಜ್ಜೆ ಹಾಕಿ, ಥಟ್ಟನೆ ಎಡಕ್ಕೆ ಮುರಿದಳು. ನಮ್ಮ ಸಾಲು ಬಲಕ್ಕೆ ಹರಿಯಿತು, ಎಡಕ್ಕೆ ಹರಿಯಿತು, ಎಲ್ಲೂ ತೂತು ಬೀಳಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮೈದಾನದ ಒಳಗಿನಿಂದ ಏಳೆಂಟು ಗಂಟಲು ಒಟ್ಟಿಗೆ ಕೂಗಿದವು: "ಪತ್ತ್‌ಲೆ!"

ರಾಶಿ ಬಿತ್ತು. ರೆಫ್ರಿ ಒಬ್ಬೊಬ್ಬರನ್ನೇ ಎಬ್ಬಿಸಿದ. ತಳದಲ್ಲಿ, ಗೆರೆಗೆ ಇನ್ನೂ ಒಂದು ಗೇಣು ಇರುವಲ್ಲಿ, ಚೆಂಡು ಹಿಡಿದವಳ ಕಣಕಾಲನ್ನು ತಬ್ಬಿಕೊಂಡು ಲೇಸಿ ಮಲಗಿದ್ದಳು. ಮಂಡಿ ಮರೆತು ಜಿಗಿದೆ. ಮಂಡಿ ನೆನಪಿಸಿತು. ಸದಾನಂದರು ಹಿಡಿದುಕೊಂಡರು.

ಬೆವ್ ಗೋಳಿಬಜೆ ಎರಡೆರಡೇ ಬಾಯಿಗೆ ಹಾಕಿಕೊಳ್ಳುತ್ತಾ ಅಂದಳು, "ನನ್ನ ಜ್ಯಾಝಾಳಿಂದಲೇ ನನ್ನನ್ನು ಸೋಲಿಸಿದರಲ್ಲ ಇವರು." ಬಸ್ಸು ಹೊರಟಾಗ ಸಿಡ್ನಿಯವರು ಕಿಟಕಿಯಿಂದ ಕೈಬೀಸಿದರು. ಅಷ್ಟು ಹೊತ್ತು ಗೆದ್ದ ಖುಷಿಯಲ್ಲಿದ್ದವಳಿಗೆ ಆಗ ಬಸ್ಸು ತಪ್ಪಿಸಿಕೊಂಡವಳ ಹಾಗಾಯಿತು. ಆ ಬಸ್ಸಿನಲ್ಲಿ ನನಗೊಂದು ಸೀಟು ಇತ್ತಲ್ಲ ಒಂದು ಕಾಲಕ್ಕೆ.

ಕ್ಲಬ್ಬಿನ ಮೀಟಿಂಗಿಗೆ ನಾನಿರಲಿಲ್ಲ. ತಮ್ಮನ ಮದುವೆಗೆಂದು ನಾವಿಬ್ಬರೂ ಹೆಜಮಾಡಿಗೆ ಹೋಗಿದ್ದೆವು. ಮಧ್ಯಾಹ್ನದ ಊಟ ಮುಗಿದು, ಚಪ್ಪರದ ಕೆಳಗೆ ಹೆಂಗಸರೆಲ್ಲ ಮದರಂಗಿಗೆ ಕೂತಿದ್ದರು. ನನ್ನ ಬಲಗೈ ಆಗಲೇ ಪೂರ್ತಿಯಾಗಿ, ಎಡಗೈ ಶುರುವಾಗುವುದರಲ್ಲಿತ್ತು. ಫೋನ್ ಹೊಡೆದುಕೊಂಡಾಗ ಚಿಕ್ಕಮ್ಮ ಅದನ್ನು ನನ್ನ ಕಿವಿಗೆ ಹಿಡಿದರು.

ಲೇಸಿಯ ಧ್ವನಿ. ಹಿಂದೆ ತುಂಬಾ ಜನರ ಗದ್ದಲ. "ಕೋಚ್, ಮೀಟಿಂಗ್ ಮುಗೀತು. ಎಲ್ಲರೂ ಕೈ ಎತ್ತಿದರು. ಕೆಲವರು ಎರಡೂ ಕೈ ಎತ್ತಿದರು, ಅದನ್ನು ಒಂದೇ ಅಂತ ಲೆಕ್ಕ ಹಾಕಿದ್ದೇವೆ. ಮನೆಗೆ ಯಾವಾಗ ಬರ್ತೀಯಾ?"

"ಬರುವ ಶುಕ್ರವಾರ," ಎಂದೆ.

ಚಿಕ್ಕಮ್ಮ ಫೋನು ಕೆಳಗಿಟ್ಟು ಕೇಳಿದರು, "ಯಾರದು?"

"ಮನೆಯಿಂದ."

"ಮನೆಯಲ್ಲಿ ಈಗ ಯಾರಿದ್ದಾರೆ? ಅಳಿಯ ಇಲ್ಲೇ ಇದ್ದಾರಲ್ಲ, ಅಗೋ ಕುರ್ಚಿ ಹೊರುತ್ತಾ ಇದ್ದಾರೆ."

ಅಷ್ಟರಲ್ಲಿ ಮದರಂಗಿ ಹಚ್ಚುವ ಹುಡುಗಿ ನನ್ನ ಎಡಗೈಯನ್ನು ಎಳೆದುಕೊಂಡಳು.